ಮಾವನ ಮನೆಯ ಬೆಲ್ಲ ಗಟ್ಟಿಯಾಗಲಿಲ್ಲ

ಶಾಲಾ ಮಾಸ್ತರನ ತಲೆಯಲ್ಲಿರುವ ವಿದ್ಯೆ ಎರಡು ಗಂಟೆಗಳ ನಡುವೆ ಮಾತ್ರ ಕೆಲಸ ಮಾಡುತ್ತದೆ ಎಂಬುದು ನನ್ನ ಬಹಳ ದಿನದ ಅನುಮಾನ. ಮೊದಲ ಗಂಟೆ ಬಾರಿಸಿದಾಗ ಬಾಯಿ ತೆರೆಯುತ್ತದೆ, ಎರಡನೆಯದಕ್ಕೆ ಮುಚ್ಚಿಕೊಳ್ಳುತ್ತದೆ. ಆಮೇಲೆ ಅವನು ಸಂತೆಗೆ ಹೋಗಲಿ, ಮಾವನ ಮನೆಗೆ ಹೋಗಲಿ, ಒಳಗಿದ್ದದ್ದು ಒಳಗೇ ಇರುತ್ತದೆ. ಬೇರೆ ಮಾಸ್ತರರ ವಿಷಯ ನನಗೆ ತಿಳಿಯದು. ನನ್ನದನ್ನು ಮಾತ್ರ ಹೇಳಿಕೊಳ್ಳುತ್ತೇನೆ, ಏಕೆಂದರೆ ಇದರಿಂದ ಒಬ್ಬ ಒಳ್ಳೆಯ ಮನುಷ್ಯನ ಹೆಸರು ಕೆಡುವುದರಲ್ಲಿತ್ತು.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ದಾಂಡೇಲಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ನನ್ನ ಎಲ್ಲ ಪಾಠಗಳಲ್ಲಿ ನನಗೇ ಇಷ್ಟವಾದದ್ದು ಸಕ್ಕರೆಯ ಪಾಠ. ನಾವು ತಿನ್ನುವ ಸಕ್ಕರೆ ಅಂದರೆ ಸುಕ್ರೋಸ್, ಅದು ಗ್ಲೂಕೋಸೂ ಫ್ರಕ್ಟೋಸೂ ಕೈ ಹಿಡಿದುಕೊಂಡು ನಿಂತ ಜೋಡಿ. ಇನ್ವರ್ಟೇಸ್ ಎಂಬ ಕಿಣ್ವ ಬಂದು ಆ ಕೈ ಬಿಡಿಸುತ್ತದೆ ಎಂದು ಶುರು ಮಾಡುತ್ತಿದ್ದೆ. ಈ ಕಿಣ್ವ ಕಬ್ಬಿನಲ್ಲಿದೆ, ಹಿಟ್ಟು ಉಬ್ಬಿಸುವ ಯೀಸ್ಟಿನಲ್ಲಿದೆ, ಜೇನ್ನೊಣದ ಹೊಟ್ಟೆಯಲ್ಲಿದೆ, ಅದರ ಸೋದರಸಂಬಂಧಿಯಂಥದೊಂದು ನಮ್ಮ ಸಣ್ಣ ಕರುಳಿನಲ್ಲೂ ಇದೆ ಎಂದಾಗ ಮಕ್ಕಳು ತಮ್ಮ ಹೊಟ್ಟೆ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಕೊನೆಗೆ ನೋಟ್ಸು ಬರೆಸುತ್ತಿದ್ದೆ. ಕಡಿದ ಕಬ್ಬನ್ನು ಇಟ್ಟಷ್ಟೂ ಇನ್ವರ್ಟೇಸ್ ಅದರ ಸುಕ್ರೋಸನ್ನು ಒಡೆಯುತ್ತದೆ, ಒಡೆದ ಸಕ್ಕರೆ ಸುಲಭಕ್ಕೆ ಹರಳುಗಟ್ಟುವುದಿಲ್ಲ. ಇದನ್ನು ಹನ್ನೊಂದು ವರ್ಷ, ಒಂದು ಅಕ್ಷರ ಬದಲಿಸದೆ ಬರೆಸಿದ್ದೇನೆ. ಪರೀಕ್ಷೆಯಲ್ಲಿ ಕೇಳಿ, ಬರೆಯದವರ ಅಂಕ ಕತ್ತರಿಸಿಯೂ ಇದ್ದೇನೆ.

ಮಾವನವರದು ಹಳಿಯಾಳದ ಹತ್ತಿರದ ಒಂದು ಊರು. ಒಂದಿಷ್ಟು ಭತ್ತ, ಒಂದಿಷ್ಟು ಕಬ್ಬು. ಊರಿಗೆಲ್ಲ ಒಂದೇ ಗಾಣ, ಪಾಳಿಯ ಪ್ರಕಾರ ಒಬ್ಬೊಬ್ಬರ ಕಬ್ಬು ಅರೆಯಬೇಕು. ಆ ವರ್ಷ ಮಾವನವರ ಪಾಳಿ ಶುಕ್ರವಾರ ಬಂದಿತ್ತು. ಗುರುವಾರವೇ ಕಬ್ಬು ಕಡಿಸಿದ ಅವರು, ಮಗಳನ್ನು ಕರೆದುಕೊಂಡು ಬರ್ರಿ, ಬಿಸಿ ಬೆಲ್ಲ ತಿಂದು ಹೋಗುವಿರಂತೆ ಎಂದು ಬಸ್ಸಿನ ಕಂಡಕ್ಟರರ ಕೈಯಲ್ಲಿ ಹೇಳಿ ಕಳಿಸಿದರು. ಶುಕ್ರವಾರ ಶಾಲೆ ಇದೆ, ರವಿವಾರ ಇಟ್ಟುಕೊಳ್ಳಿ ಎಂದು ನಾನು ಅದೇ ಕಂಡಕ್ಟರರ ಕೈಯಲ್ಲಿ ಹೇಳಿ ಕಳಿಸಿದೆ. ಅಳಿಯನ ಮಾತು ನೋಡಿ, ಅವರು ಪಕ್ಕದ ಹೊಲದವರ ಜೊತೆ ಪಾಳಿ ಬದಲಿಸಿಕೊಂಡರು. ರವಿವಾರದ ಹೊತ್ತಿಗೆ ಶಾಲೆಗೆ ತಪಾಸಣೆಯವರು ಬರುವ ಸುದ್ದಿ ಬಂತು. ಪ್ರಯೋಗಾಲಯದ ಬಾಟಲಿಗಳ ಧೂಳು ಒರೆಸುವುದು ನನ್ನ ಪಾಲಿಗೆ ಬಂತು. ತಪಾಸಣೆ ಮುಗಿಸಿ, ರಜೆ ಹಾಕಿ ಬುಧವಾರ ಬರುತ್ತೇನೆ ಎಂದು ಮತ್ತೆ ಹೇಳಿ ಕಳಿಸಿದೆ. ಅವರು ಮತ್ತೆ ಪಾಳಿ ಬದಲಿಸಿದರು. ಕಬ್ಬು ಮಾತ್ರ ಅಲ್ಲೇ ಗಾಣದ ಹತ್ತಿರ ಬಿಸಿಲಿನಲ್ಲಿ ರಾಶಿ ಬಿದ್ದಿತ್ತು.

ಬುಧವಾರ ಬೆಳಿಗ್ಗೆ ನಾನೂ ನನ್ನ ಹೆಂಡತಿ ಶಾಂತಾಳೂ ಹೋದಾಗ ಗಾಣದ ಎಂಜಿನ್ನು ಶುರುವಾಗಿತ್ತು. ಗೌರವದಿಂದ ನನ್ನನ್ನು ಕೂರಿಸಿ, ಮೊದಲ ತಂಬಿಗೆ ರಸ ಕೊಟ್ಟರು. ನಾನು ಕೂತದ್ದು ಆ ಕಬ್ಬಿನ ರಾಶಿಯ ಮೇಲೆಯೇ. ಕಡಿದ ತುದಿಗಳು ಕೆಂಪಗಾಗಿದ್ದವು, ಅದನ್ನೂ ನೋಡಿದೆ. ನೋಡಿ, ಈ ಸಲ ರಸ ಭಾಳ ಛಲೋ ಇದೆ ಎಂದೆ.

ರಸ ಕುದಿಸುವ ಕೊಪ್ಪರಿಗೆಯ ಮುಂದೆ ನಿಂತವರು ಬಸ್ತ್ಯಾಂವ. ಪಕ್ಕದ ಹಳ್ಳಿಯ ಸಿದ್ದಿ ಸಮುದಾಯದವರು, ಐವತ್ತು ದಾಟಿದ ಮನುಷ್ಯ, ಮಾತು ಕಡಿಮೆ. ಸುತ್ತಲಿನ ನಾಲ್ಕು ಊರುಗಳಲ್ಲಿ ಬೆಲ್ಲದ ಹದ ನೋಡುವವರು ಅವರೇ. ಕುದಿಯುವ ಪಾಕದ ಒಂದು ಹನಿಯನ್ನು ನೀರಿಗೆ ಬಿಟ್ಟು, ಎರಡು ಬೆರಳಲ್ಲಿ ಉರುಟಿ, ಇಳಿಸ್ರಿ ಎಂದರೆ ಇಳಿಸಬೇಕು. ಅವತ್ತು ಅವರು ರಸವನ್ನು ಮೂಸಿ ನೋಡಿ, ಮಾವನವರ ಹತ್ತಿರ ಹೋಗಿ, ಹುಳಿ ವಾಸನಿ ಹೊಡಿತೈತ್ರಿ ಎಂದು ಮೆಲ್ಲಗೆ ಹೇಳಿದರು. ಮಾವನವರು ನನ್ನ ಕಡೆ ಒಮ್ಮೆ ನೋಡಿ, ಇರಲಿ, ಸುಣ್ಣ ಸ್ವಲ್ಪ ಜಾಸ್ತಿ ಹಾಕು ಎಂದರು. ಆ ನೋಟ ಪ್ರೀತಿಯದು ಎಂದುಕೊಂಡು ನಾನು ಇನ್ನೊಂದು ತಂಬಿಗೆ ರಸ ಕುಡಿದೆ.

ಪಾಕ ಎಷ್ಟು ಕುದಿಸಿದರೂ ಬೆರಳಿಗೆ ಉಂಡೆ ಸಿಗಲಿಲ್ಲ. ಕೊನೆಗೆ ಇಳಿಸಿ ಅಚ್ಚಿಗೆ ಸುರಿದರು. ಊಟದ ಹೊತ್ತಾದರೂ ಅದು ಹಾಗೇ ಇತ್ತು, ಬೆರಳು ಇಟ್ಟರೆ ಮೊಣಕೈವರೆಗೆ ಎಳೆ ಬರುತ್ತಿತ್ತು. ಬುಟ್ಟಿ ತುಂಬ ಬೆಲ್ಲದ ಗಟ್ಟಿ ಪೆಂಟೆಗಳು ಇರಬೇಕಾದಲ್ಲಿ ಅಂಟುಪಾಯಸ. ಗಾಣದ ಸುತ್ತ ನಿಂತವರು ಮಾತಾಡತೊಡಗಿದರು. ಬಸ್ತ್ಯಾಂವನಿಗೆ ಕಣ್ಣು ಮಂಜಾಯಿತೆಂದು ಒಬ್ಬರು, ಕೈ ಹದ ಹೋಯಿತೆಂದು ಇನ್ನೊಬ್ಬರು. ಮಾರನೆಯ ದಿನ ಪಾಳಿ ಇದ್ದವರು, ನಾನು ಬೇರೆಯವರನ್ನು ಕರೆಸುತ್ತೇನೆ ಎಂದರು. ಮಾವನವರು ತಲೆ ತಗ್ಗಿಸಿ ಕೂತಿದ್ದರು. ಬಸ್ತ್ಯಾಂವ ತಮ್ಮ ಉದ್ದ ಹಿಡಿಯ ಸೌಟನ್ನು ತೊಳೆದು ಒರೆಸತೊಡಗಿದರು.

ಅದೇ ಹೊತ್ತಿಗೆ ನನ್ನ ತಲೆಯಲ್ಲಿ ಶಾಲೆಯ ಗಂಟೆ ಬಾರಿಸಿರಬೇಕು, ಇದ್ದಕ್ಕಿದ್ದಂತೆ ಎಲ್ಲ ಹೊಳೆಯಿತು. ಎಂಥ ಸಂತೋಷ ಅಂತೀರಿ! ಪುಸ್ತಕದ ಪುಟವೇ ಕಣ್ಣ ಮುಂದೆ ನಿಂತಿತ್ತು. ಶಾಂತಾಳನ್ನು ಹಿತ್ತಲಿಗೆ ಕರೆದು, ಇದು ಇನ್ವರ್ಟೇಸಿನ ಕೆಲಸ, ಆರು ದಿನದ ಕಬ್ಬಿನಲ್ಲಿ ಸುಕ್ರೋಸ್ ಒಡೆದು ಹೋಗಿದೆ, ಅದಕ್ಕೇ ಹರಳು ಕಟ್ಟಲಿಲ್ಲ ಎಂದು ಉದಾಹರಣೆ ಸಮೇತ ವಿವರಿಸಿದೆ. ಅವಳು ಪೂರ್ತಿ ಕೇಳಿಕೊಂಡಳು.

"ಅಂದ್ರ ಬಸ್ತ್ಯಾಂವಣ್ಣಂದು ತಪ್ಪಿಲ್ಲ," ಎಂದಳು. "ಹೋಗಿ ಎಲ್ಲಾರ ಮುಂದ ಹೇಳ್ರಿ."

ಎಲ್ಲರ ಮುಂದೆ ಎಂದೊಡನೆ ನನ್ನ ವಿದ್ಯೆ ಮತ್ತೆ ತಣ್ಣಗಾಯಿತು. ಕಬ್ಬು ಆರು ದಿನ ಯಾಕೆ ಬಿದ್ದಿತ್ತು ಎಂಬುದನ್ನೂ ಹೇಳಬೇಕಲ್ಲ. ಊಟ ಆಗಲಿ ಎಂದೆ. ಊಟ ಆದ ಮೇಲೆ ಸ್ವಲ್ಪ ಬಿಸಿಲು ಇಳಿಯಲಿ ಎಂದೆ. ಶಾಂತಾ ನನ್ನ ಚಪ್ಪಲಿ ತಂದು ಎದುರಿಗೆ ಇಟ್ಟಳು.

ಹೋದಾಗ ಬಸ್ತ್ಯಾಂವ ಹೊರಡುವುದರಲ್ಲಿದ್ದರು. ನಾನು ನಿಂತು, ತರಗತಿಯಲ್ಲಿ ಹೇಳಿದಂತೆಯೇ ಎಲ್ಲ ಹೇಳಿದೆ. ಕೊನೆಯಲ್ಲಿ, ತಡವಾದದ್ದು ನನ್ನಿಂದ, ಇವರ ಕೈಯ ಹದದಿಂದಲ್ಲ ಎಂಬ ಮಾತನ್ನೂ ಹೇಗೋ ಸೇರಿಸಿದೆ. ಮಾವನವರು ಕೇಳಿದರು.

"ಇದು ನಿಮಗ ಮೊದಲ ಗೊತ್ತಿತ್ತೇನ್ರಿ?"

"ಹನ್ನೊಂದು ವರ್ಷದಿಂದ ಗೊತ್ತಿತ್ತು," ಎಂದೆ.

ಅವರು ನೆಲ ನೋಡುತ್ತ, "ನಮಗೂ ಗೊತ್ತಿತ್ರಿ. ಒಂದೆರಡ ದಿನ ತಡಕೋತೈತಿ, ಆರ ದಿನಕ್ಕ ಕಬ್ಬು ಕೆಡ್ತೈತಿ. ಆದ್ರ ಅಳಿಯಂದ್ರಿಂದ ತಡಾ ಆತು ಅಂತ ಹೆಂಗ ಅನ್ನೂದು?" ಎಂದರು.

ಬಸ್ತ್ಯಾಂವ ಆ ದಿನ ಮೊದಲ ಸಲ ನಕ್ಕರು. "ಇಬ್ಬರಿಗೂ ಗೊತ್ತಿತ್ತು. ನಡುವ ಹೆಸರು ಕೆಟ್ಟಿದ್ದು ನಂದು," ಎಂದರು. ಅದರಲ್ಲಿ ಸಿಟ್ಟು ಇರಲಿಲ್ಲ, ಅದಕ್ಕೇ ನನಗೆ ಹೆಚ್ಚು ನಾಚಿಕೆಯಾಯಿತು. ಮಾವನವರು ಎದ್ದು ಅವರ ಕೈ ಹಿಡಿದುಕೊಂಡರು.

ಹೊಲದಲ್ಲಿ ಬಿತ್ತನೆಗೆಂದು ಬಿಟ್ಟ ಒಂದು ಪಟ್ಟಿ ಕಬ್ಬು ಇನ್ನೂ ನಿಂತಿತ್ತು. ಅದರಲ್ಲಿ ಅರ್ಧ ಕಡಿಸ್ರಿ, ನಾಳೆ ಮುಂಜಾನೇನ ಅರೆಯೂಣು ಎಂದು ಬಸ್ತ್ಯಾಂವರೇ ಹೇಳಿದರು. ಮರುದಿನ ಪಾಳಿ ಇದ್ದವರು ಒಂದು ಕೊಪ್ಪರಿಗೆಯಷ್ಟು ಹೊತ್ತು ಗಾಣ ಬಿಟ್ಟುಕೊಟ್ಟರು, ನೋಡಿಯೇ ಬಿಡೋಣ ಎಂಬ ಆಸೆಯಿಂದ. ಹೊತ್ತು ಏರುವುದರೊಳಗೆ ಬಂಗಾರದ ಬಣ್ಣದ ಪೆಂಟೆಗಳು ಅಚ್ಚಿನಿಂದ ಎದ್ದವು. ಒಡೆಯಲು ಕಲ್ಲು ಬೇಕಾಯಿತು. ಬೇರೆಯವರನ್ನು ಕರೆಸುತ್ತೇನೆ ಎಂದವರೇ ಬಸ್ತ್ಯಾಂವರಿಗೆ ಚಹಾ ತಂದುಕೊಟ್ಟು, ಮುಂದಿನ ಕೊಪ್ಪರಿಗೆ ನಮ್ಮದು ಎಂದರು. ಗಟ್ಟಿಯಾಗದ ಬೆಲ್ಲವನ್ನು ಡಬ್ಬಿಗಳಿಗೆ ತುಂಬಿದೆವು. ನಾವು ಅದನ್ನು ಆರು ತಿಂಗಳು ದೋಸೆಗೆ ಹಚ್ಚಿಕೊಂಡು ತಿಂದೆವು. ರುಚಿಯೇನೋ ಚೆನ್ನಾಗಿಯೇ ಇತ್ತು. ಆದರೆ ಪ್ರತಿ ಸಲ ಬಡಿಸುವಾಗಲೂ ಶಾಂತಾ, ನಿಮ್ಮದು ಸ್ವಲ್ಪ ಹಾಕಲೇ ಎಂದು ಕೇಳುತ್ತಿದ್ದಳು.

ಮುಂದಿನ ವರ್ಷ ಕಬ್ಬಿನ ಕಾಲ ಬಂತು. ಕರೆ ಬರಬಹುದೆಂದು ನಾನು ರಜೆ ಚೀಟಿ ಮೊದಲೇ ಬರೆದಿಟ್ಟುಕೊಂಡು, ವಾರಗಟ್ಟಲೆ ಕಾದೆ. ಕೊನೆಗೊಂದು ಸಂಜೆ ಗೋಣಿಚೀಲದಲ್ಲಿ ಎರಡು ಪೆಂಟೆ ಬೆಲ್ಲವೂ, ಮಾವನವರ ಕೈಬರಹದ ಒಂದು ಚೀಟಿಯೂ ಬಂದವು. ಅದರಲ್ಲಿ, ಎಲ್ಲರೂ ಕ್ಷೇಮ, ಬಸ್ತ್ಯಾಂವ ನಿಮ್ಮನ್ನು ಕೇಳಿದ್ದಾನೆ ಎಂದಿತ್ತು. ಕೆಳಗೆ ಇನ್ನೂ ಎರಡು ಸಾಲು: "ಗಾಣ ಮುಗಿದು ನಾಲ್ಕು ದಿನ ಆತು. ಈಗ ನೀವು ನಿಮ್ಮ ಅನುಕೂಲ ನೋಡಿಕೊಂಡು, ಸಾವಕಾಶ ಬರ್ರಿ."