ನಾನು ಕಡೆದ ಕಾಳುಗೊಜ್ಜು

ಹಿರೀಸಾವೆ ಬಸ್ ಸ್ಟ್ಯಾಂಡಿನ ಹೋಟೆಲಿಗೆ ಬೀಗ ಹಾಕಿಸಿಯೇ ತೀರುತ್ತೇನೆಂದು ಒಂದು ಶನಿವಾರ ಬೆಳಿಗ್ಗೆ ನಾನು ಕಾಫಿ ಲೋಟ ಕುಕ್ಕಿ ಶಪಥ ಮಾಡಿದೆ! ಹೋಟೆಲಿನವನ ಮೇಲೆ ನನಗೆ ಹಗೆಯೇನೂ ಇರಲಿಲ್ಲ. ಅವನು ಪೂರಿಯ ಜೊತೆ ಕೊಡುತ್ತಿದ್ದ ಅವರೆಕಾಳಿನ ಗೊಜ್ಜಿನ ಮೇಲೆ ಪ್ರಾಣವಿತ್ತು, ಅಷ್ಟೆ. ಬಸ್ಸು ನಿಂತು ನಾವು ಕೂರುವುದೇ ತಡ, ಎಲೆಯ ಮೇಲೆ ಬಂದು ಬೀಳುತ್ತಿತ್ತು. ಕಾಳು ಎಲ್ಲಿದೆ ಎಂದು ಹುಡುಕಿದರೂ ಸಿಗದಷ್ಟು ನುಣುಪು! ಮೇಲೆ ಬೆಳ್ಳುಳ್ಳಿ ಒಗ್ಗರಣೆ! ಬೆಣ್ಣೆ, ಸಾಕ್ಷಾತ್ ಬೆಣ್ಣೆ! ಆದರೆ ಬಸ್ಸು ನಿಲ್ಲುತ್ತಿದ್ದದ್ದು ಹತ್ತೇ ನಿಮಿಷ. ನಾನು ಎರಡನೇ ತುತ್ತು ಎತ್ತುವಾಗಲೇ ಆ ಹಾಳು ಕಂಡಕ್ಟರ್ ಸೀಟಿ ಊದುತ್ತಿದ್ದ. ತಾಲ್ಲೂಕು ಕಚೇರಿಯ ಕೆಲಸಕ್ಕೆಂದು ಚನ್ನರಾಯಪಟ್ಟಣದಿಂದ ಬೆಂಗಳೂರಿಗೆ ಅದೆಷ್ಟು ಸಲ ಓಡಾಡಿದ್ದೇನೋ, ಒಂದು ಸಲವೂ ಆ ಗೊಜ್ಜನ್ನು ಪೂರ್ತಿ ತಿಂದವನಲ್ಲ.

ಮನೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಸೀಟಿಯ ಭಯವಿಲ್ಲದೆ ಅದನ್ನು ಹೊಟ್ಟೆ ಬಿರಿಯ ತಿನ್ನಬೇಕು ಎಂಬುದೊಂದೇ ನನ್ನ ಆಸೆ. ಅದನ್ನು ಹೆಂಡತಿ ನೀಲಾಂಬಿಕೆಗೆ ಹೇಳಿದ್ದೇ ತಪ್ಪಾಯಿತು.

"ಯಾಕ್ರೀ, ನಾನು ಮಾಡೋ ಕಾಳಿಗೆ ಏನ್ ಬಂದಿದೆ ರೋಗ?"

"ಚೆನ್ನಾಗೇ ಇರುತ್ತೆ. ಆದರೆ ಕಾಳು ಕಾಳಾಗೇ ಇರುತ್ತಲ್ಲ!"

"ಕಾಳು ಕಾಳಾಗಿರದೆ ಅಮಲ್ದಾರ್ ಆಗ್ಬೇಕಿತ್ತಾ?"

"ನೋಡ್ತಿರು! ನಾಳೆ ನಾನೇ ಮಾಡ್ತೀನಿ. ಕೆಟ್ಟುಹೋದ್ರೆ ಈ ಜನ್ಮದಲ್ಲಿ ನಿನ್ನ ಅಡುಗೆಗೆ ಹೆಸರಿಡಲ್ಲ, ಹೋಟೆಲಿನ ಹೆಸರೆತ್ತಲ್ಲ!"

"ಮಾತಿಗೆ ತಪ್ಬೇಡಿ ಮತ್ತೆ," ಎಂದು ಆಕೆ ಸೀರೆ ಮಡಿಸತೊಡಗಿದಳು. ಬಾಣಂತಿ ತಂಗಿಯನ್ನು ನೋಡಲು ಅಂದು ಮಧ್ಯಾಹ್ನ ಹಾಸನಕ್ಕೆ ಹೊರಟಿದ್ದಳು. ಬಸ್ಸು ಹತ್ತುವಾಗ ಬಾಗೂರಿನ ತನ್ನಪ್ಪ ಭಾನುವಾರ ಬರಬಹುದೆಂದಳು, ಅಟ್ಟ ಎಂದಳು, ಮಡಕೆ ಎಂದಳು, ಇನ್ನೂ ಏನೇನೋ ಹೇಳಿದಳು. ನಾನು "ಹ್ಞೂಂ ಹ್ಞೂಂ" ಎನ್ನುತ್ತಾ ಒಗ್ಗರಣೆಗೆ ಎಷ್ಟು ಬೆಳ್ಳುಳ್ಳಿ ಬೇಕೆಂದು ಲೆಕ್ಕ ಹಾಕುತ್ತಿದ್ದೆ.

ಅಷ್ಟು ಹೊತ್ತಿಗಾಗಲೇ ನನ್ನ ಶಪಥ ಊರಿಡೀ ಸುತ್ತಿಬಂದಿತ್ತು. ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನ ಗುಮಾಸ್ತ ಸಣ್ಣಯ್ಯನ ಬಾಯಿಗೆ ಒಂದು ಮಾತು ಬಿದ್ದರೆ ಟಾಂಟಾಂ ಸಾರಿದಂತೆಯೇ. "ನಾಳೆ ಎಲ್ರೂ ಪಂಚಾಕ್ಷರಯ್ಯನ ಮನೇಲಿ ಉಣ್ಣಾದು ಕಣ್ರಪ್ಪಾ!" ಎಂದು ಅರ್ಧ ಕಚೇರಿಯನ್ನು ಅವನೇ ಕರೆದುಬಿಟ್ಟಿದ್ದ.

ಮನೆಗೆ ಬಂದು ಡಬ್ಬ ತೆರೆದರೆ ತಳದಲ್ಲಿ ಒಂದು ಹಿಡಿ ಕಾಳು! ಅರ್ಧ ಕಚೇರಿಗೆ ಒಂದು ಹಿಡಿ! ಆಗಲೇ ಅಟ್ಟ ನೆನಪಾಯಿತು. ಏಣಿ ಹಾಕಿ ಹತ್ತಿದರೆ ಮೂಲೆಯಲ್ಲೊಂದು ಮಡಕೆ, ಬಾಯಿಗೆ ಸಗಣಿ ಮೆತ್ತಿ ಭದ್ರ ಮಾಡಿದೆ. ಒಡೆದು ನೋಡಿದೆ. ಅವರೆಕಾಳು! ಒಂದೊಂದೂ ಹೆಬ್ಬೆರಳಿನ ಉಗುರಿನಷ್ಟು ದಪ್ಪ! ಮೈತುಂಬ ಬೂದಿ, ನಡುನಡುವೆ ಬೇವಿನೆಲೆ. ನಮ್ಮ ಮನೆಯಲ್ಲಿ ಕಾಳುಗಳೂ ವಿಭೂತಿ ಧರಿಸುತ್ತವೆಂದು ನನಗೆ ಗೊತ್ತೇ ಇರಲಿಲ್ಲ.

"ಓಹೋ! ಒಳ್ಳೇ ಕಾಳನ್ನೆಲ್ಲ ತವರಿಗೆ ಬಚ್ಚಿಟ್ಟಿದ್ದಾಳೆ! ನನ್ನ ಕಣ್ಣಿಗೆ ಬೀಳದಿರಲೆಂದು ಬೂದಿ ಬೇರೆ!"

ಆ ಮಡಕೆಯಲ್ಲಿದ್ದದ್ದು ಬಿತ್ತನೆ ಕಾಳೆಂದು ನಿಮಗೆ ಈಗಾಗಲೇ ಗೊತ್ತಾಗಿರಬೇಕು. ಹಾಸನದ ಪೇಟೆ ಬೀದಿಯಲ್ಲಿ ಬೆಳೆದು, ಕಾಳು ಅಂಗಡಿಯಲ್ಲಿ ಹುಟ್ಟುತ್ತದೆಂದು ನಂಬಿದ್ದ ನನಗೆ ಗೊತ್ತಾಗಲಿಲ್ಲ. ಅಷ್ಟನ್ನೂ ತೊಳೆದು ಹಂಡೆಯಲ್ಲಿ ನೆನೆಹಾಕಿದೆ.

ಭಾನುವಾರ ಕೋಳಿ ಕೂಗುವ ಮುಂಚೆಯೇ ನನಗೆ ನಿದ್ದೆ ಇಲ್ಲ. ಎದ್ದು ಹಂಡೆ ನೋಡುವುದು, ಮಲಗುವುದು, ಮತ್ತೆ ಎದ್ದು ನೋಡುವುದು! ಬೆಳಗಾಗುತ್ತಲೇ ಸಣ್ಣಯ್ಯ ಬಂದ. ಇಬ್ಬರೂ ಕೂತು ಕಾಳು ಹಿತುಕತೊಡಗಿದೆವು. ನೆನೆದ ಕಾಳನ್ನು ಬೆರಳಲ್ಲಿ ಒತ್ತಿದರೆ ಸಿಪ್ಪೆ ಕೈಯಲ್ಲಿ, ಬೇಳೆ ಪಾತ್ರೆಯಲ್ಲಿ ಎಂದು ಲೋಕ ಹೇಳುತ್ತದೆ. ನನ್ನ ಬೇಳೆ ಸಣ್ಣಯ್ಯನ ಕಣ್ಣಿಗೆ, ಅವನದು ದೇವರ ಗೂಡಿಗೆ!

"ಏನ್ಲಾ ಇದು, ಅಡಿಗೇನೋ ಯುದ್ಧಾನೋ?" ಎಂದು ಸಣ್ಣಯ್ಯ ಕಣ್ಣುಜ್ಜಿಕೊಂಡ.

"ಮಾತಾಡ್ಬೇಡ, ಹಿತುಕು! ಜನ ಬಂದ್ಬಿಡ್ತಾರೆ!"

ಹಾಗೂ ಹೀಗೂ ಹಿತುಕಿ, ಬೇಯಿಸಿದ್ದಾಯಿತು. ಸೌಟಿನಲ್ಲಿ ಮಸೆದರೆ ನುಣ್ಣಗಾಗುವುದೇ ಇಲ್ಲ. ಆಗ ಕಂಬಕ್ಕೆ ಒರಗಿಸಿದ್ದ ಮಜ್ಜಿಗೆ ಕಡೆಯುವ ಕಡಗೋಲು ಕಂಡಿತು. ಬೆಣ್ಣೆ ಬೇಕಾದರೆ ಕಡೆಯಲೇಬೇಕಲ್ಲವೇ! ತಪ್ಪಲೆಯನ್ನು ಕಂಬದ ಪಕ್ಕಕ್ಕೆಳೆದು, ಕಡಗೋಲಿಗೆ ಹಗ್ಗ ಸುತ್ತಿ, ಒಂದು ತುದಿ ನಾನು, ಒಂದು ತುದಿ ಸಣ್ಣಯ್ಯ. ಸಮುದ್ರಮಥನ ಶುರುವಾಯಿತು! ನಾನೆಳೆದರೆ ಗೋಡೆಗೆ, ಅವನೆಳೆದರೆ ಸೂರಿಗೆ! ಕುದಿಯುವ ಗೊಜ್ಜು ಕ್ಯಾಲೆಂಡರಿನ ಮೇಲೆ, ನನ್ನ ಹಣೆಯ ಮೇಲೆ, ಸಣ್ಣಯ್ಯನ ಹೊಸ ಜುಬ್ಬದ ಮೇಲೆ! "ಅಯ್ಯಯ್ಯೋ ಸುಟ್ಟೋದೆ ಕಣ್ಲಾ!" ಎಂದು ಅವನು ಕುಣಿದರೂ ನಾನು ಹಗ್ಗ ಬಿಡಲಿಲ್ಲ.

ಕೊನೆಗೂ ತಪ್ಪಲೆಯಲ್ಲಿ ಉಳಿದದ್ದು, ಸತ್ಯವಾಗಿ ಹೇಳುತ್ತೇನೆ, ಬೆಣ್ಣೆಯಂತಿತ್ತು! ಕಚೇರಿಯವರು ಬಂದರು, ಉಂಡರು, ಬೆರಳು ನೆಕ್ಕಿದರು, "ಭೇಷ್!" ಎಂದು ಬೆನ್ನು ತಟ್ಟಿ ಹೋದರು. ನಾನು ಬಡಿಸುವುದರಲ್ಲೇ ಮುಳುಗಿ ಒಂದು ತುತ್ತೂ ತಿಂದಿರಲಿಲ್ಲ. ತಳದಲ್ಲಿ ಒಬ್ಬರಿಗಾಗುವಷ್ಟು ಉಳಿದಿತ್ತು. ಸಣ್ಣಯ್ಯನನ್ನೂ ಸಾಗಹಾಕಿ, ಕೈ ತೊಳೆದು, ಎಲೆ ಹಾಕಿಕೊಂಡು ಕೂತೆ. ಸೀಟಿಯಿಲ್ಲ, ಕಂಡಕ್ಟರಿಲ್ಲ. ಆಹಾ!

"ಅಳಿಯಂದ್ರೇ, ಮನೇಲಿದ್ದೀರಾ?"

ಹಾಲಾಹಲ ಹುಟ್ಟದೆ ಸಮುದ್ರಮಥನ ಮುಗಿಯುತ್ತದೆಯೇ? ಬಾಗಿಲಲ್ಲಿ ಮಾವ ನಂಜಯ್ಯನವರು! ಹೆಗಲಲ್ಲಿ ಖಾಲಿ ಚೀಲ.

"ಬನ್ನಿ ಮಾವ, ಊಟಕ್ಕೆ ಕೂತ್ಕೊಳ್ಳಿ," ಎಂದು ನನ್ನ ಎಲೆಯನ್ನೇ ಅವರ ಮುಂದೆ ತಳ್ಳಿದೆ. ಒಂದು ತುತ್ತು ಬಾಯಿಗಿಟ್ಟರೋ ಇಲ್ಲವೋ ಅವರ ಮುಖ ಅರಳಿತು.

"ಏನ್ರೀ ಅಳಿಯಂದ್ರೆ ಇದು! ಬೆಣ್ಣೆ ಕಣ್ರೀ! ಇಂಥ ಕಾಳು ನಮ್ಮ ಹೊಲ ಬಿಟ್ರೆ ಇನ್ನೆಲ್ಲೂ ಬೆಳೆಯಾಕಿಲ್ಲ ಅಂದ್ಕೊಂಡಿದ್ದೆ. ಎಲ್ಲಿ ಸಿಕ್ತು? ಇನ್ನೊಂಚೂರು ಬಡಿಸಿ!"

ಬಡಿಸಿದೆ. ತಪ್ಪಲೆ ಖಾಲಿ.

"ನೀಲ ಇನ್ನೂ ಬಂದಿಲ್ವಾ? ಮಳೆ ಬಂದು ಹೊಲ ಹದವಾಗೈತೆ. ಎರಡು ದಿವಸ ತಡೆದ್ರೆ ಹದ ಓಯ್ತದೆ. ಅದ್ಕೇ ಓಡಿಬಂದೆ. ನಮ್ಮೋಳು ತೀರ್ಕೊಂಡ ಮ್ಯಾಕೆ ಬಿತ್ತನೆ ಕಾಳು ಕಟ್ಟಿಡಾದು ನೀಲನೇ ಅಲ್ವಾ? ಅವರವ್ವನ ಥರಾನೇ ಬೂದಿ ಹಾಕಿ, ಬೇವು ಹಾಕಿ, ಮಡಕೇಲಿ ಮಡಗಿರ್ತಾಳೆ. ಅಟ್ಟದ ಮ್ಯಾಲೆ ಐತಂತೆ."

ನನ್ನ ಕೈಯಲ್ಲಿದ್ದ ಸೌಟು ಕೆಳಗೆ ಬಿತ್ತು. ಬೂದಿ! ಬೇವು! ಅಟ್ಟ! ಓಡಿಹೋಗೋಣವೆಂದರೆ ಬಾಗಿಲಲ್ಲಿ ಆಗಲೇ ನೀಲಾಂಬಿಕೆ, ಕಂಕುಳಲ್ಲಿ ಗಂಟು. ಗೋಡೆ ನೋಡಿದಳು, ಸೂರು ನೋಡಿದಳು, ಅಟ್ಟಕ್ಕಿಟ್ಟ ಏಣಿ ನೋಡಿದಳು. ಗಂಟು ಅಲ್ಲೇ ಬಿಸಾಕಿ ಸರಸರ ಹತ್ತಿ, ಖಾಲಿ ಮಡಕೆ ಹಿಡಿದು ಇಳಿದಳು. ಬಯ್ಯುತ್ತಾಳೆಂದು ಕಿವಿ ಮುಚ್ಚಿಕೊಳ್ಳಲು ಸಿದ್ಧನಾಗಿದ್ದೆ. ಬಯ್ಯಲಿಲ್ಲ. ಮಡಕೆ ಮುಂದಿಟ್ಟುಕೊಂಡು ಕೂತುಬಿಟ್ಟಳು.

"ಅವ್ವನ ಕಾಳು ಕಣ್ರೀ. ಅವ್ವ ಹೋದ್ಮೇಲೂ ವರ್ಷಾ ವರ್ಷಾ ಹೊಲದಲ್ಲಿ ಬರ್ತಿತ್ತು."

ನನಗೆ ಭೂಮಿಯೊಳಗೆ ಇಳಿದುಹೋಗಬಾರದೇ ಅನ್ನಿಸಿತು. ನಾಚಿಕೆಯಿಂದ ತಲೆಯೆತ್ತಲಾಗಲಿಲ್ಲ.

ಮಾವ ಒಮ್ಮೆ ಮಡಕೆ ನೋಡಿದರು, ಒಮ್ಮೆ ತಮ್ಮ ಎಲೆ ನೋಡಿದರು. "ಅಂಗಾದ್ರೆ ಈಗ ನಾನು ಎರಡು ಸಲ ಬಡಿಸ್ಕೊಂಡು ಉಂಡಿದ್ದು..."

"ಹೌದು ಮಾವ."

ಮಾವ ಎಲೆ ಮಡಚಿದರು. ಕೊನೆಗೆ ಅವರು ಸಣ್ಣಗೆ ತೇಗಿದರು.

"ಉಂಡಿದ್ದಾಯ್ತು, ಇನ್ನು ಕಕ್ಕಕ್ಕಾಯ್ತದಾ? ಹಿರೀಸಾವೇಲಿ ನಮ್ಮಕ್ಕ ಹಾಲಮ್ಮ ಅವ್ಳೆ. ಮದುವೆಯಾಗಿ ಓಗೋವಾಗ ಇದೇ ಕಾಳ ಮಡಿಲಲ್ಲಿ ಕಟ್ಕಂಡು ಓಗಿದ್ಲು. ಬೆಳಿಗ್ಗೆ ಹೊರಡಾನ. ಆದ್ರೆ ಕೇಳೋನು ನಾನಲ್ಲ. ನೀವೇ ಕೇಳ್ಬೇಕು."

ಸೋಮವಾರ ರಜೆ ಹಾಕಿ ಮಾವನ ಜೊತೆ ಹಿರೀಸಾವೆಗೆ ಹೊರಟೆ. ಹಾಲಮ್ಮನವರು ಜಗುಲಿಯಲ್ಲಿ ಕೂತಿದ್ದರು, ಸುತ್ತ ನಾಲ್ಕು ಮನೆಯ ಹೆಂಗಸರು. ನಾನು ಟವೆಲ್ ಹಾಸಿ, ಬಿತ್ತನೆ ಕಾಳು ಬೇಕೆಂದು ಕೈಮುಗಿದೆ.

"ನೀಲ ಕಟ್ಟಿಟ್ಟ ಕಾಳೇನಾಯ್ತು? ಹುಳ ತಿಂದ್ವಾ?"

"ಇಲ್ಲ ಅತ್ತೆ. ನಾನು."

ಜಗುಲಿಯೆಲ್ಲ ಗೊಳ್ಳೆಂದಿತು. ಹಾಲಮ್ಮ ಮಾತ್ರ ನಗಲಿಲ್ಲ. "ಹುಳಕ್ಕೆ ಬೂದಿ ಹಾಕ್ತೀವಿ, ಬೇವು ಹಾಕ್ತೀವಿ. ಅಳಿಯಂದ್ರಿಗೆ ಏನ್ ಹಾಕಾದು ಅಂತ ನಂಗೊತ್ತಿಲ್ಲ ಕಣಪ್ಪಾ!" ಎನ್ನುತ್ತಲೇ ಒಳಗೆ ಹೋಗಿ ಮೊರದ ತುಂಬ ಕಾಳು ತಂದು ಟವೆಲಿಗೆ ಸುರಿದರು. ಗಂಟು ಕಟ್ಟುವಾಗ ನನ್ನ ಕಣ್ಣಲ್ಲಿ ನೀರು ಬಂದದ್ದು ನಿಜ.

ವಾಪಸು ಬಸ್ಸಿಗೆ ಇನ್ನೂ ಒಂದು ಗಂಟೆಯಿತ್ತು. ಮಾವ ನನ್ನ ಕೈಹಿಡಿದು ಅದೇ ಹೋಟೆಲಿಗೆ ನುಗ್ಗಿದರು. "ನಿನ್ನೆ ನಿಮ್ಮೆಲೆ ನಾನು ಕಿತ್ಕೊಂಡೆ. ಇವತ್ತು ನೀವು ಉಣ್ಣಿ."

ಪೂರಿ ಬಂತು. ಗೊಜ್ಜು ಬಂತು. ಸೀಟಿಯಿಲ್ಲ! ಆದರೂ ನಾಲಿಗೆ ಸುಮ್ಮನಿರಬೇಕಲ್ಲ. "ಸ್ವಾಮಿ, ಕಾಳನ್ನು ಇಷ್ಟು ನುಣ್ಣಗೆ ಹೇಗೆ ಕಡೀತೀರಿ?" ಎಂದು ಹೋಟೆಲಿನವನನ್ನು ಕೇಳಿಯೇಬಿಟ್ಟೆ.

ಅವನು ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಕಡೆಯಾದೆಲ್ಲಿ ಬಂತು ಸಾ! ಅವರೆಕಾಳಿನ ಬೆಲೆ ಗೊತ್ತಾ ನಿಮ್ಗೆ? ನಮ್ಮ ಹಾಸನದ ಆಲೂಗಡ್ಡೆ ಬೇಯಿಸಿ ಇಸುಕ್ತೀವಿ, ಹುರಿಗಡ್ಲೆ ಹಿಟ್ಟು ಕಲಸ್ತೀವಿ. ಹತ್ತು ನಿಮಿಷದಲ್ಲಿ ಯಾವನು ನೋಡ್ತಾನೆ ಸಾ?"

ಎತ್ತಿದ ತುತ್ತು ಕೈಯಲ್ಲೇ ನಿಂತಿತು. ಮಾವ ಕಾಳಿನ ಗಂಟನ್ನು ತೊಡೆಯ ಮೇಲೆ ಭದ್ರವಾಗಿ ಇಟ್ಟುಕೊಂಡು ನನ್ನ ಬೆನ್ನು ಸವರಿದರು.

"ತಿನ್ನಿ ಅಳಿಯಂದ್ರೆ, ಧೈರ್ಯವಾಗಿ ತಿನ್ನಿ. ಇದ್ರಲ್ಲಿ ಬಿತ್ತನೆ ಕಾಳಿಲ್ವಂತೆ. ಕಾಳೇ ಇಲ್ವಂತೆ!"