ನಾಲ್ಕೂ ಹೆಂಗಸರ ಸೀಟು

ಲಗಮಪ್ಪ: ಹೆಣ್ಣ ಡ್ರೈವರ್ ಬಂದ್ರ ಅಷ್ಟ ನಮ್ಮ ಸೊಸಿ ಹೊಸ್ತಿಲಾ ದಾಟತಾಳ. ಗಂಡ ಡ್ರೈವರ್ ಬಂದ್ರ ಗಾಡಿ ಹೊಳ್ಳಿ ಕಳಸೂದು. ಮುಗೀತು!

ಸುಂದರವ್ವ: ಮುಗೀತು ಅಂತ ಹೇಳಾಕ ಹತ್ತಿ ಅರ್ಧಾ ತಾಸಾತ್ರಿ. ಹನ್ನೊಂದಕ್ಕ ಆಕಿ ಮುರಗೋಡದಾಗ ಇರಬೇಕು. ಬಸ್ಸಿಗೆ ಹೋಗತೇನಿ ಅಂದ್ರ ಅದಕ್ಕೂ ಬ್ಯಾಡ ಅಂದ್ರಿ.

ಲಗಮಪ್ಪ: ಬಸ್ಸಿನ್ಯಾಗ ಎಂಥಾ ಮಂದಿ ಇರತಾರ ಅನ್ನೂದು ನನಗ ಗೊತ್ತೈತಿ. ಮೂವತ್ತೆರಡ ವರ್ಷ ಕಂಡಕ್ಟರಕಿ ಮಾಡೇನಿ.

ಗಂಡ ಹೆಂಡತಿ ಹೀಗೆ ವಾದಿಸುತ್ತಿರುವಾಗ, ಬೈಲಹೊಂಗಲದ ಆ ಮನೆಯ ಕಟ್ಟೆಯ ಮೇಲೆ ಸೊಸೆ ಶಿವಾನಿ ಸರ್ಟಿಫಿಕೇಟುಗಳ ಫೈಲನ್ನು ಎದೆಗವಚಿಕೊಂಡು ನಿಂತಿದ್ದಳು. ಮುರಗೋಡದ ಶಾಲೆಯೊಂದರಲ್ಲಿ ಗಣಿತದ ಟೀಚರ್ ಕೆಲಸಕ್ಕೆ ಸಂದರ್ಶನ. ಬಾಡಿಗೆ ಕಾರು ಕರೆಯುವ ಆ್ಯಪಿನಲ್ಲಿ ಹೆಂಗಸರು ಇನ್ನು ಮೇಲೆ ಹೆಂಗಸು ಡ್ರೈವರನ್ನೇ ಆರಿಸಿಕೊಳ್ಳಬಹುದು ಎಂಬ ಸುದ್ದಿಯನ್ನು ಪೇಪರಿನಲ್ಲಿ ಓದಿದ ಲಗಮಪ್ಪ, ಸೊಸೆಯ ಮೊಬೈಲಿನಲ್ಲಿ ಆ ಗುಂಡಿಯನ್ನು ತನ್ನ ಬೆರಳಿನಿಂದಲೇ ಒತ್ತಿದ್ದ. ಸೊಸೆಯ ಭದ್ರತೆಗೆ ತಾನೊಂದು ಕೋಟೆ ಕಟ್ಟಿದೆ ಎಂಬ ಹಿಗ್ಗು ಅವನ ಮೀಸೆಯ ತುದಿಯಲ್ಲಿ ಕುಣಿಯುತ್ತಿತ್ತು.

ಅಷ್ಟರಲ್ಲಿ ಬಿಳಿ ಕಾರೊಂದು ಬಂದು ನಿಂತಿತು. ಸೀರೆಯ ಮೇಲೆ ಖಾಕಿ ಅಂಗಿ ತೊಟ್ಟ ಮೂವತ್ತೈದರ ಹೆಣ್ಣುಮಗಳು ಇಳಿದಳು. ಹೆಸರು ಮಹಾನಂದಾ.

ಲಗಮಪ್ಪ: ಡ್ರೈವರ್ ಎಲ್ಲೆವ್ವಾ?

ಮಹಾನಂದಾ: ನಾನ ರೀ ಕಾಕಾರ.

ಲಗಮಪ್ಪ: ನೀ ಅಲ್ಲ. ಗಾಡಿ ಹೊಡಿಯಾಂವ?

ಮಹಾನಂದಾ: ಹೊಡಿಯಾಂವ ಅಲ್ರಿ, ಹೊಡಿಯಾಕಿ. ಹೆಣ್ಣ ಡ್ರೈವರ ಬೇಕು ಅಂತ ನೀವ ಒತ್ತೀರಲ್ಲ?

ಒತ್ತಿದ್ದೇನೋ ನಿಜ. ಆದರೆ ಆ ಹೆಣ್ಣು ನಿಜವಾಗಿಯೂ ಬಂದು ಸ್ಟೇರಿಂಗ್ ಹಿಡಿಯುತ್ತಾಳೆಂದು ಲಗಮಪ್ಪ ಯೋಚಿಸಿರಲಿಲ್ಲ.

ಲಗಮಪ್ಪ: ದಾರ್ಯಾಗ ಕಬ್ಬಿನ ಟ್ರ್ಯಾಕ್ಟರ್ ಅಡ್ಡ ಬಂದ್ರ?

ಮಹಾನಂದಾ: ಬ್ರೇಕ್ ಹಾಕತೇನ್ರಿ.

ಲಗಮಪ್ಪ: ಟಾಯರ್ ಪಂಕ್ಚರ್ ಆದ್ರ?

ಮಹಾನಂದಾ: ಬಿಚ್ಚಿ ಬ್ಯಾರೇದು ಹಾಕತೇನ್ರಿ.

ಲಗಮಪ್ಪ: ಯಾವನರ ಪುಂಡ ಗಾಡಿ ಹತ್ತಿದ್ರ?

ಮಹಾನಂದಾ: ಅದಕ್ಕರೀ, ನಾ ಗಂಡಸರನ್ನ ಹತ್ತಿಸಿಕೊಳ್ಳೂದ ಇಲ್ಲ.

ಲಗಮಪ್ಪನಿಗೆ ಈ ಮಾತು ಬಹಳ ಹಿಡಿಸಿತು. ಶಹಬ್ಬಾಸ್ ಎಂದವನೇ ಮುಂದಿನ ಬಾಗಿಲು ತೆರೆದು ಒಳಗೆ ಕೂತುಬಿಟ್ಟ.

ಮಹಾನಂದಾ: ಕಾಕಾರ, ಇದೇನ್ರಿ?

ಲಗಮಪ್ಪ: ನಾನೂ ಬರತೇನವ್ವ. ಮನಿ ಗಂಡಸು ಒಬ್ಬಾಂವ ಜೋಡಿಗಿದ್ರ ನಿಮಗಿಬ್ರಿಗೂ ಭದ್ರ.

ಮಹಾನಂದಾ: ಈಗರ ಹೇಳಿದ್ನೆಲ್ರಿ? ನೀವು ಒಂದ ಗುಂಡಿ ಒತ್ತಿದ್ರಿ, ನಾನೂ ಒಂದ ಒತ್ತೇನಿ. ಬರೇ ಹೆಣ್ಮಕ್ಕಳಿಗಿ ಅಷ್ಟ ಬಾಡಿಗಿ.

ಲಗಮಪ್ಪ: ಅದು ಕಂಡಕಂಡವರಿಗೆ ಅವ್ವಾ. ನಾ ಮರ್ಯಾದಸ್ತ ಮನಷ್ಯಾ!

ಮಹಾನಂದಾ: ಎಲ್ಲಾರೂ ಹಂಗ ಅಂತಾರ್ರಿ. ‘ನಾ ಪುಂಡ ಅದೇನಿ, ಹತ್ತಲೇನು?’ ಅಂತ ಕೇಳಿದಾಂವ ಇನ್ನೂತನಾ ಒಬ್ಬಾಂವೂ ಸಿಕ್ಕಿಲ್ಲ.

ಲಗಮಪ್ಪ: ಹೆಂಗಸರ ಸೀಟಿನ್ಯಾಗ ಕುಂತ ಗಂಡಸರನ್ನ ರಟ್ಟಿ ಹಿಡದು ಎಬ್ಬಿಸಿದಾಂವ ನಾ!

ಮಹಾನಂದಾ: ಹಂಗಾರ ನಿಮಗ ಹೇಳಿಕೊಡೂದು ಏನೈತ್ರಿ? ಇದರಾಗ ನಾಲ್ಕೂ ಹೆಂಗಸರ ಸೀಟು. ಏಳ್ರಿ.

ಲಗಮಪ್ಪನ ಮೋರೆ ಸಪ್ಪಗಾಯಿತು. ಅವನು ಎಬ್ಬಿಸಿದ ಗಂಡಸರೆಲ್ಲ ಹೀಗೆಯೇ ಅನ್ನುತ್ತಿದ್ದರು: ನಾನು ಅಂಥವನಲ್ಲರೀ. ಆಗ ಅವನು ಒಬ್ಬರ ಮಾತನ್ನೂ ಕಿವಿಗೆ ಹಾಕಿಕೊಂಡಿರಲಿಲ್ಲ.

ಶಿವಾನಿ: ಮಾವಾರ, ಹತ್ತೂಕಾಲಾತು. ನೀವು ನನ್ನ ಕಾಯಕೋತ ಕುಂತ್ರ ನನ್ನ ನೌಕರಿ ಕಾಯಾವ್ರು ಯಾರು?

ಲಗಮಪ್ಪ ಕಾರಿನ ಸೀಟನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡ. ಮಹಾನಂದಾಗೆ ಕರುಣೆ ಬಂತೋ ಬೇಜಾರು ಬಂತೋ, ಕಟ್ಟೆಯತ್ತ ತಿರುಗಿದಳು.

ಮಹಾನಂದಾ: ಅವ್ವಾರ, ಇವರ ಜೋಡಿ ಬಾಳೇ ಮಾಡಿದಾಕಿ ನೀವು. ಹತ್ತಿಸಿಕೊಂಡ್ರ ಏನೂ ಅಂಜಿಕಿ ಇಲ್ಲ ಅಂತ ನೀವು ಒಂದ ಮಾತ ಅನ್ರಿ, ಕರಕೊಂಡ ಹೋಗತೇನಿ.

ಲಗಮಪ್ಪನ ಮೀಸೆಗೆ ಮತ್ತೆ ಜೀವ ಬಂತು. ಹೆಂಡತಿಯ ಬಾಯಿಂದ ಸರ್ಟಿಫಿಕೇಟು ಉದುರುವುದನ್ನೇ ಕಾಯುತ್ತ ಕೂತ. ಸುಂದರವ್ವ ಗಲ್ಲಕ್ಕೆ ಬೆರಳು ಹಚ್ಚಿದಳು. ಗಂಡನನ್ನು ನೋಡಿದಳು. ಆಕಾಶ ನೋಡಿದಳು.

ಲಗಮಪ್ಪ: ಹೇಳ!

ಸುಂದರವ್ವ: ತಡೀರಿ, ವಿಚಾರ ಮಾಡಾಕ ಹತ್ತೇನಿ.

ಲಗಮಪ್ಪ ತಾನಾಗಿಯೇ ಇಳಿದ. ಶಿವಾನಿ ಹತ್ತಿದಳು. ಕಾರು ಧೂಳೆಬ್ಬಿಸಿ ಹೊರಟುಹೋಯಿತು. ಅವನು ಕಟ್ಟೆಯ ಮೇಲೆ ಹೆಂಡತಿಗೆ ಬೆನ್ನು ಮಾಡಿ, ಮೊಬೈಲು ಹಿಡಿದು ಕೂತ. ಹನ್ನೊಂದಕ್ಕೆ ಹತ್ತು ನಿಮಿಷವಿರುವಾಗ ಫೋನು ಬಂತು. ಸೊಸೆ ಶಾಲೆಯ ಬಾಗಿಲಲ್ಲಿದ್ದಳು. ಉಸಿರು ಬಿಟ್ಟವನೇ ಹೆಂಡತಿಯತ್ತ ತಿರುಗಿದ.

ಲಗಮಪ್ಪ: ಮಂದಿ ಮುಂದ ನನ್ನ ಮಾನಾ ಕಳದಿ. ನಲವತ್ತ ವರ್ಷ ಜೋಡಿ ಬಾಳೇ ಮಾಡಿದಾಕಿ, ಒಂದ ಮಾತ ಅನ್ನಾಕ ಇಷ್ಟ ವಿಚಾರ ಏನು?

ಸುಂದರವ್ವ: ನನ್ನ ನಿಮಗ ಕೊಡೂ ಮುಂದ ನಮ್ಮಪ್ಪ ಊರೆಲ್ಲಾ ತಿರಗಿ ನಿಮ್ಮನ್ನ ವಿಚಾರಿಸಿ ಬಂದ. ನನ್ನ ಕೇಳಲಿಲ್ಲ. ನಿಮ್ಮವ್ವ ಕೇಳಲಿಲ್ಲ, ನೀವೂ ಕೇಳಲಿಲ್ಲ. ನಲವತ್ತ ವರ್ಷದ ಮ್ಯಾಲ ಇವತ್ತ ಮೊದಲನೇ ಸಲ ಒಬ್ಬಾಕಿ ಕೇಳ್ಯಾಳ. ಗಡಿಬಿಡಿಲೆ ಹೇಳಿದ್ರ ಹೆಂಗ್ರಿ?

ಲಗಮಪ್ಪ: ಅಂದ್ರ... ಇನ್ನೂ ಹೇಳಾಂಗಿಲ್ಲ?

ಸುಂದರವ್ವ: ಶಿವಾನಿ ಬರ್ಲಿ. ಇಬ್ರೂ ಕೂಡಿ ಹೇಳತೇವಿ.