ಶಬ್ದಕ್ಕಿಂತ ಮುಂದಿದ್ದ ನಮ್ಮ ಮಾವ

ಲಂಡನ್ನಿನ ವಿಮಾನವೊಂದು ಹಾರಾಟ ನಿಲ್ಲಿಸಿತೆಂದು ಹೂವಿನಹಡಗಲಿಯಲ್ಲಿ ತಲೆಮೇಲೆ ತಣ್ಣೀರು ಸುರಿದುಕೊಂಡವರು ಯಾರಾದರೂ ಇದ್ದರೆ ಅದು ನಮ್ಮ ಮಾವ ಒಬ್ಬನೇ. ಇದನ್ನು ಹೆಮ್ಮೆಯಿಂದ ಹೇಳಬೇಕೋ ನಾಚಿಕೊಂಡು ಹೇಳಬೇಕೋ ನನಗೆ ಇವತ್ತಿಗೂ ತಿಳಿದಿಲ್ಲ. ವಿಮಾನ ಹತ್ತುವುದಿರಲಿ, ಅವನು ವಿಮಾನ ನಿಲ್ದಾಣದ ಗೇಟನ್ನೂ ಕಂಡವನಲ್ಲ!

ಅವ್ವನ ಕಡೇ ತಮ್ಮ. ನನಗಿಂತ ಹತ್ತೇ ವರ್ಷ ದೊಡ್ಡವನಾದ್ದರಿಂದ ಈ ಏಕವಚನ. ಮಲ್ಲಿಗೆ ವ್ಯಾಪಾರ ಅವನದು. ನಸುಕಿನಲ್ಲಿ ಬಿಡಿಸಿದ ಮೊಗ್ಗನ್ನು ಒದ್ದೆ ಬಟ್ಟೆ ಸುತ್ತಿದ ಬುಟ್ಟಿಗೆ ತುಂಬಿ ಬಸ್ಸಿನ ಟಾಪಿಗೆ ಏರಿಸಬೇಕು. ಮೊಗ್ಗು ಮೊಗ್ಗಾಗಿರುವಾಗಲೇ ಊರು ಮುಟ್ಟಬೇಕು. ಒಮ್ಮೆ ಕೊಟ್ಟೂರಿನ ಹತ್ತಿರ ಬಸ್ಸು ಕೆಟ್ಟು ನಿಂತು, ನಾಲ್ಕು ಬುಟ್ಟಿ ಹೂವೂ ದಾರಿಯಲ್ಲೇ ಅರಳಿಬಿಟ್ಟಿತು. ಮಾವ ಅಷ್ಟನ್ನೂ ವಾಪಸ್ಸು ಹೊತ್ತು ತಂದ. ಅತ್ತೆ ಓಣಿಯ ಮನೆಮನೆಗೂ ಹಂಚಿದಳು. ಆ ದಿನ ನಮ್ಮ ಓಣಿಯ ಎಮ್ಮೆಗಳ ಕೊಂಬಿಗೂ ಮಲ್ಲಿಗೆ!

ಮಾವ ಮಾತ್ರ ಊಟ ಮಾಡಲಿಲ್ಲ. ಅದೇ ವಾರ ಹಳೆಯ ಪೇಪರಿನಲ್ಲಿ ಅವನ ಕಣ್ಣಿಗೆ ಕಾಂಕಾರ್ಡ್ ಬಿತ್ತು. ಕೊಕ್ಕರೆಯಂಥ ಮೂತಿಯ, ಶಬ್ದಕ್ಕಿಂತ ಎರಡು ಪಟ್ಟು ಜೋರಾಗಿ ಹಾರುವ ವಿಮಾನ. ಲಂಡನ್ನಿನಿಂದ ನ್ಯೂಯಾರ್ಕಿಗೆ ಮೂರೂವರೆ ತಾಸು. ಚಿತ್ರವನ್ನು ಕತ್ತರಿಸಿ ದೇವರ ಜಗಲಿಯ ಪಕ್ಕದ ಗೋಡೆಗೆ ಅಂಟಿಸಿದ. ಅಲ್ಲಿಗೆ ಬಸ್ಸಿನವರ ಗ್ರಹಚಾರ ಶುರುವಾಯಿತು.

"ಅಲ್ಲೋ ಡ್ರೈವರಪ್ಪಾ, ಅವ್ರು ಸಮುದ್ರ ದಾಟಾಕ ಮೂರೂವರೆ ತಾಸು, ನೀ ಹರಪನಹಳ್ಳಿ ಮುಟ್ಟಾಕ ಎರಡು ತಾಸು ಅಂದ್ರ ಹೆಂಗ?"

ಡ್ರೈವರು ಬೀಡಿ ಆರಿಸಿ ಶಾಂತವಾಗಿ ಹೇಳಿದ: "ಸಮುದ್ರದಾಗ ಕೈ ಮಾಡೋ ಮಂದಿ ಇರಂಗಿಲ್ಲ ಬಿಡ್ರಿ."

ಅತ್ತೆ ಹರಪನಹಳ್ಳಿಯವಳು. ಮಾತಿನಲ್ಲಿ ಯಾರಿಗೂ ಬಾಕಿ ಉಳಿಸಿಕೊಂಡವಳಲ್ಲ. ಒಮ್ಮೆ ನೆಂಟರ ಮದುವೆಗೆಂದು ಹಲವಾಗಲಿಗೆ ಹೋಗಿದ್ದಾಗ ಮಾವ ನಮ್ಮನ್ನು ಹೊಳೆದಂಡೆಗೆ ಕರೆದೊಯ್ದ. ಆಚೆ ದಂಡೆಯಲ್ಲಿ ಯಾರೋ ಬಟ್ಟೆ ಒಗೆಯುತ್ತಿದ್ದರು. "ನೋಡು, ಬಟ್ಟಿ ಕಲ್ಲಿಗೆ ಬಡಿಯೋದು ಮೊದ್ಲು ಕಾಣತೈತಿ, ಸಪ್ಪಳ ಆಮ್ಯಾಲೆ ಬರತೈತಿ. ಹಂಗ, ಕಾಂಕಾರ್ಡ್ ಮುಂದ ಹೋಗತೈತಿ, ಅದರ ಸಪ್ಪಳ ಹಿಂದ ಬರತೈತಿ."

"ನಿಮ್ದು ಉಲ್ಟಾ ಐತಲ್ರಿ," ಅಂದಳು ಅತ್ತೆ. "ಸಪ್ಪಳ ಮೊದ್ಲು ಬರ್ತೈತೆ, ಕೆಲ್ಸ ಬಂದ್ರೆ ಬಂತು, ಇಲ್ದಿದ್ರೆ ಇಲ್ಲ!"

ಆಮೇಲೆ ಪ್ಯಾರಿಸ್ಸಿನಲ್ಲಿ ಅಂಥದೊಂದು ವಿಮಾನ ಏರುತ್ತಿದ್ದಂತೆಯೇ ಬೆಂಕಿ ಹತ್ತಿ ಬಿತ್ತು. ರನ್‌ವೇ ಮೇಲೆ ಬಿದ್ದಿದ್ದ ಲೋಹದ ಪಟ್ಟಿಯೊಂದು ಟೈರನ್ನು ಸೀಳಿತ್ತಂತೆ. ನಾನು ಆಗ ಹಗರಿಬೊಮ್ಮನಹಳ್ಳಿಯಲ್ಲಿ ಮೇಷ್ಟ್ರು. ಸುದ್ದಿ ಕೇಳಿ, ಮಾವನ ಗತಿ ಏನಾಯಿತೋ ಎಂದು ಸಂಜೆಯ ಬಸ್ಸು ಹಿಡಿದು ಬಂದೆ. ಗೋಡೆಯ ಚಿತ್ರದ ಮುಂದೆ ಕುಂತಿದ್ದ. ಕಣ್ಣು ಕೆಂಪಗಿತ್ತು.

"ಅದರಾಗ ಎಷ್ಟು ಜನ ಇದ್ರಂತೆ?" ಅತ್ತೆ ನನ್ನನ್ನು ಕೇಳಿದಳು.

"ನೂರರ ಮ್ಯಾಲೆ ಅಂತ ಅತ್ತಿ. ಯಾರೂ ಉಳೀಲಿಲ್ಲ."

ಅತ್ತೆ ಎದ್ದು ದೀಪಕ್ಕೆ ಎಣ್ಣೆ ಹಾಕಿದಳು. "ನೀವು ವಿಮಾನಕ್ಕೆ ಅಳ್ರಿ. ನಾನು ಜನಕ್ಕೆ ದೀಪ ಹಚ್ತೀನಿ."

ಮಾವ ತಲೆ ತಗ್ಗಿಸಿದ. ಸ್ವಲ್ಪ ಹೊತ್ತಿಗೆ ಅವನೂ ಹೋಗಿ ಅವಳ ಪಕ್ಕ ಕೈಮುಗಿದು ನಿಂತ.

ಮೂರು ವರ್ಷಕ್ಕೆ ಉಳಿದ ವಿಮಾನಗಳೂ ನೆಲಕ್ಕಿಳಿದವು. ಕೊನೆಯ ಹಾರಾಟವನ್ನು ಟೀವಿಯಲ್ಲಿ ತೋರಿಸಿದರು. ಮಾವ ಎದ್ದವನೇ ಬಚ್ಚಲಿಗೆ ಹೋಗಿ ತಣ್ಣೀರು ಸುರಿದುಕೊಂಡು, ಒದ್ದೆ ಪಂಚೆಯಲ್ಲೇ ಕಟ್ಟೆಗೆ ಬಂದು ಕುಂತ. ಎದುರುಮನೆಯ ಅಜ್ಜಿ ಗಾಬರಿಯಾಗಿ ಬಂದಳು.

"ಯಾರು ಹೋದ್ರಪ್ಪಾ?"

"ಕಾಂಕಾರ್ಡ್."

"ಯಾವೂರು?"

"ಲಂಡನ್ನು."

"ವಯಸ್ಸೆಷ್ಟಾಗಿತ್ತು?"

"ಇಪ್ಪತ್ತೇಳು."

"ಅಯ್ಯೋ ಶಿವನೇ, ಬಾಳಿ ಬದುಕೋ ವಯಸ್ಸು!" ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಗು ತಡೆಯಲಾರದೆ ನಾನು ಒಳಗೆ ಓಡಿದೆ. ಅಲ್ಲಿ ಅತ್ತೆ ಆಗಲೇ ನಗುತ್ತಿದ್ದಳು.

ಮಾವನ ಗೆಳೆಯ ಮೆಕ್ಯಾನಿಕ್ ಸಾಬರು ಮಾತ್ರ ನಗಲಿಲ್ಲ. ಎಂಜಿನ್ನುಗಳ ಸಾವು ಕಂಡವರಲ್ಲವೆ? ಮರುದಿನ ಬಂದು ಪಕ್ಕದಲ್ಲಿ ಕುಂತು ಹೇಳಿದರು: "ಎಣ್ಣಿ ಭಾಳ ಕುಡೀತಿತ್ತು ಭಾಯ್. ಸೀಟು ನೋಡಿದ್ರ ನೂರು. ಊರ ಮ್ಯಾಲೆ ಹಾರಿದ್ರ ಗುಡುಗಿನಂಗ ಸಪ್ಪಳ, ಅದಕ್ಕ ನೆಲದ ಮ್ಯಾಲೆ ಜೋರು ಹೋಗಾಕ ಬಿಡಲಿಲ್ಲ. ಗಾಡಿ ಕೆಟ್ಟದ್ದಲ್ಲ. ಅದಕ್ಕ ದಾರಿ ಇರಲಿಲ್ಲ, ಅಷ್ಟ."

"ಮತ್ತ ಬರತೈತಿ ನೋಡ್ರಿ," ಅಂದ ಮಾವ. "ಮೂತಿ ಬದಲಿ ಮಾಡಿದ್ರ ಸಪ್ಪಳ ಕಡಿಮಿ ಆಗತೈತಂತ. ಯಾರೋ ಮಾಡಾಕ ಹತ್ಯಾರಂತ."

ಚಹಾ ತಂದ ಅತ್ತೆ ಬಾಗಿಲಲ್ಲೇ ನಿಂತಳು. "ಮೂತಿ ಬದ್ಲಿ ಮಾಡಿದ್ರೆ ಸಪ್ಪಳ ಕಡಿಮೆ ಆಗ್ತೈತಾ? ಹಂಗಾದ್ರೆ ಮೊದ್ಲು ನಿಮ್ದು ಮಾಡಿಸಾಣ!"

ಸಾಬರ ಬಾಯಿಯ ಚಹಾ ನೆಲದ ಪಾಲಾಯಿತು.

ಎರಡು ವರ್ಷದ ಮೇಲೆ ಒಂದು ಮಧ್ಯಾಹ್ನ ಅತ್ತೆ ಅಡಿಗೆಮನೆಯಲ್ಲಿ ಎದೆ ಹಿಡಿದುಕೊಂಡು ಕುಸಿದಳು. ಸಾಬರು ತಮ್ಮ ಹಳೇ ಅಂಬಾಸಿಡರ್ ತಂದರು. ಶಾಲೆಗೆ ರಜೆ; ನಾನೂ ಅಲ್ಲೇ ಇದ್ದೆ. ದಾವಣಗೆರೆ ಮುಟ್ಟುವವರೆಗೂ ಮಾವನದು ಒಂದೇ ಮಾತು: "ಜೋರು ಭಾಯ್, ಇನ್ನೂ ಜೋರು!" ಆ ಮುದಿ ಗಾಡಿ ಅಷ್ಟು ಓಡಬಲ್ಲದೆಂದು ಸಾಬರಿಗೂ ಗೊತ್ತಿರಲಿಲ್ಲ. ಸರಿಯಾದ ಹೊತ್ತಿಗೆ ತಂದಿರಿ ಎಂದರು ಡಾಕ್ಟರು. ಮಾವ ನನ್ನ ಭುಜ ಹಿಡಿದು ಅಲುಗಿಸಿದ. "ನೋಡಿದೇನ್ಲೇ ಮಾಸ್ತರ? ಜೋರು ಹೋದ್ರ ಜೀವ ಉಳಿತೈತಿ!" ಅಷ್ಟು ಖುಷಿಯಾಗಿದ್ದ ಮಾವನನ್ನು ನಾನು ನೋಡಿರಲಿಲ್ಲ.

ಹನ್ನೊಂದನೆಯ ದಿನ ಅದೇ ಡಾಕ್ಟರು ನಮ್ಮಿಬ್ಬರನ್ನೂ ಒಳಗೆ ಕರೆದರು. ಹೃದಯ ಪೂರಾ ಸೋತಿದೆ, ಇನ್ನು ಇಲ್ಲಿ ಮಾಡುವುದೇನೂ ಉಳಿದಿಲ್ಲ, ಮನೆಗೆ ಕರೆದುಕೊಂಡು ಹೋಗಿ ಅಂದರು. ಮಾವ ಔಷಧಿ ಚೀಟಿಯನ್ನು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ.

ಮನೆಗೆ ಬಂದಮೇಲೆ ಅತ್ತೆ ಒಂಬತ್ತು ದಿನ ಇದ್ದಳು. ಆದರೆ ನನಗೆ ನೆನಪಾಗುವುದು ಆ ಒಂಬತ್ತು ದಿನವಲ್ಲ, ದಾವಣಗೆರೆಯಿಂದ ಬಂದ ಆ ದಾರಿ. ಬೆಳಿಗ್ಗೆ ಹೊರಟೆವು. ಹಿಂದಿನ ಸೀಟಿನಲ್ಲಿ ಅತ್ತೆ ಮಾವನಿಗೆ ಒರಗಿ ಕುಂತಿದ್ದಳು.

"ಸಾವಕಾಶ ಭಾಯ್," ಅಂದ ಮಾವ.

ಸಾಬರು ನಿಧಾನ ಮಾಡಿದರು.

"ಇನ್ನೂ ಸಾವಕಾಶ."

ಒಬ್ಬ ಸೈಕಲ್ಲಿನವನು ನಮ್ಮನ್ನು ದಾಟಿ ಹೋದ. ಹೋಗುತ್ತಾ ತಿರುಗಿ ನೋಡಿ ನಕ್ಕ. ಸಾಬರು ಕನ್ನಡಿಯಲ್ಲಿ ಹಿಂದೆ ನೋಡಿದವರು ತಟ್ಟನೆ ಕಣ್ಣು ರಸ್ತೆಗೆ ತಿರುಗಿಸಿದರು. ಹರಪನಹಳ್ಳಿಯ ಕೆರೆ ಕಂಡಾಗ ಅತ್ತೆ ತಲೆ ಎತ್ತಿದಳು.

"ನಿಮ್ಮ ತವರುಮನಿ ಓಣ್ಯಾಗ ಒಂದು ಸುತ್ತು ಹೋಗಿ ಬರಾಣೇನು?" ಮಾವ ಕೇಳಿದ.

"ಬ್ಯಾಡ. ಹಿಂಗೇ ಕುಂತಿರ್ತೀನಿ," ಅಂದು ಮತ್ತೆ ಅವನ ಹೆಗಲಿಗೆ ಒರಗಿದಳು. ಸ್ವಲ್ಪ ಹೊತ್ತಾದ ಮೇಲೆ, ಕಣ್ಣು ಮುಚ್ಚಿಕೊಂಡೇ ಕೇಳಿದಳು: "ಹಿಂಗೆ ಹೋದ್ರೆ ಊರು ಮುಟ್ಟೋದು ಯಾವಾಗ್ರೀ?"

ಮಾವ ಗಾಳಿಗೆ ಹಾರುತ್ತಿದ್ದ ಅವಳ ಸೆರಗನ್ನು ಎಳೆದು ಸರಿಮಾಡಿದ.

"ಏನು ಅವಸರ ಐತಿ?" ಅಂದ.